ಮನೆಮಂದಿಯೆಲ್ಲ ಕೂತು ಕಲಿಯೋಕೆ ಯಾವ ಭಾಷೆ? ಗಂಗಾವತಿಯ ಒಂದು ಮನೆಯ ಲೆಕ್ಕ

ನಮ್ಮ ಇಬ್ಬರು ಮಕ್ಕಳು ಶಾಲೆಗೆ ಹೋಗುವುದಿಲ್ಲ, ಮನೆಯಲ್ಲೇ ಕಲಿಯುತ್ತಾರೆ. ಮಗಳಿಗೆ 12 ವರ್ಷ, ಮಗನಿಗೆ 7. ಗಂಗಾವತಿಯಂಥ ಊರಲ್ಲಿ ಇದನ್ನು ಹೇಳಿದರೆ ಮೊದಲ ಪ್ರಶ್ನೆ, ‘ಯಾಕ್ರೀ, ಏನರ ತೊಂದ್ರಿ ಆತೇನು?’ ಎರಡನೆಯದು, ‘ಹಂಗಾದ್ರ ಹೊರಗಿನ ಭಾಷಾ ಒಂದು ಕಲಸ್ರಿ. ಜರ್ಮನ್ ಕಲಸ್ರಿ, ಭಾಳ ಸ್ಕೋಪ್ ಐತಿ.’ ಮೊದಲನೆಯದಕ್ಕೆ ಉತ್ತರ ಕೊಟ್ಟೂ ಕೊಟ್ಟೂ ಸಾಕಾಗಿದೆ. ಎರಡನೆಯದಕ್ಕೆ ಇಲ್ಲಿ ಬರೆದಿಡುತ್ತೇನೆ. ಸಿಂಧನೂರು, ಕೊಪ್ಪಳ, ಬಳ್ಳಾರಿ ಕಡೆಯಿಂದ ನಮ್ಮ ಹಾಗೇ ಮನೆಯಲ್ಲಿ ಮಕ್ಕಳನ್ನು ಓದಿಸುವ ನಾಲ್ಕಾರು ತಾಯಂದಿರು ಫೋನ್ ಮಾಡಿ ಇದನ್ನೇ ಕೇಳಿದ್ದಾರೆ, ಒಬ್ಬೊಬ್ಬರಿಗೂ ಮುಕ್ಕಾಲು ಗಂಟೆ ಹೇಳಿ ನನ್ನ ಗಂಟಲು ಬಿದ್ದುಹೋಗಿದೆ.

ಎರಡೂವರೆ ವರ್ಷದಲ್ಲಿ ನಾವು ಮೂರು ಭಾಷೆ ಶುರು ಮಾಡಿದೆವು. ಜರ್ಮನ್ ಬಿಟ್ಟೆವು. ಸ್ಪ್ಯಾನಿಷ್ ಅರ್ಧಕ್ಕೆ ನಿಂತಿದೆ. ಜಪಾನಿ ಉಳಿದುಕೊಂಡಿದೆ. ಉಳಿದ ಭಾಷೆಗಳ ಬಗ್ಗೆ ಹೇಳುವುದು ಪುಸ್ತಕ ತಿರುವಿ, ಒಂದೆರಡು ವಾರ ಕೈಯಾಡಿಸಿ, ಬೇರೆಯವರ ಮನೆ ನೋಡಿ ತಿಳಿದದ್ದು.

ಮೊದಲು ಮನೆಯಲ್ಲಿ ತಲೆ ಎಣಿಸಿ

ಯಾವ ಭಾಷೆ ಅನ್ನೋದಕ್ಕಿಂತ ಮುಂಚೆ ಯಾರು ಯಾರು ಕೂರುತ್ತಾರೆ ಅನ್ನುವುದನ್ನು ನೋಡಿ. ನಾವು ಇದನ್ನು ಮಾಡಲಿಲ್ಲ, ಒಂದು ವರ್ಷ ಕಳೆದುಕೊಂಡೆವು.

ನಮ್ಮ ಮನೆಯಲ್ಲಿ ಐದು ಜನ. ಯಜಮಾನರು ಅಕ್ಕಿ ಗಿರಣಿಯಲ್ಲಿ ಲೆಕ್ಕಪತ್ರ ನೋಡುತ್ತಾರೆ, ವರ್ಷಕ್ಕೆ ಎರಡು ಸುಗ್ಗಿಯಲ್ಲಿ ಮನೆಗೆ ಬರುವುದೇ ರಾತ್ರಿ ಹನ್ನೊಂದಕ್ಕೆ. ನಮ್ಮ ಅತ್ತೆಗೆ ಕನ್ನಡ ಓದಲು ಬರುತ್ತದೆ, ತೆಲುಗು ಮಾತಾಡಲು ಬರುತ್ತದೆ, ಇಂಗ್ಲಿಷ್ ಬರುವುದಿಲ್ಲ. ಮಕ್ಕಳಿಗೆ ಕನ್ನಡದ ಜೊತೆ ಪಕ್ಕದ ಕ್ಯಾಂಪಿನ, ಅಂದರೆ ಆಂಧ್ರದಿಂದ ಬಂದವರು ನೆಲೆಸಿದ ಹಳ್ಳಿಯ, ಗೆಳೆಯರಿಂದ ತೆಲುಗು ಬಂದಿದೆ, ಹಿಂದಿನ ಓಣಿಯ ಹುಡುಗರಿಂದ ಉರ್ದು ಬೆರೆತ ಹಿಂದಿ ಬಂದಿದೆ. ಅಂದರೆ ನಮ್ಮ ಕಡೆಯ ಮಕ್ಕಳಿಗೆ ನಾಲ್ಕು ಭಾಷೆ ಅಂಗಳದಲ್ಲೇ ಸಿಗುತ್ತದೆ, ಅದಕ್ಕೆ ಯಾರೂ ಸರ್ಟಿಫಿಕೇಟ್ ಕೊಡುವುದಿಲ್ಲ ಅಷ್ಟೇ.

ಅತ್ತೆ ಕೂರುತ್ತಾರೆ ಅಂದಮೇಲೆ ಇಂಗ್ಲಿಷಿನ ಮೂಲಕ ಕಲಿಸುವ ಪಾಠ ಅವರಿಗೆ ಉಪಯೋಗವಿಲ್ಲ. ಯಾರಾದರೂ ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳಬೇಕು. ನಮ್ಮಲ್ಲಿ ಆ ಕೆಲಸ ಮಗಳ ಪಾಲಿಗೆ ಬಂತು. ಹಾಗೆ ತಿರುಗಿಸುವಾಗಲೇ ನನಗೆ ಗೊತ್ತಾಗಿದ್ದು: ಕೆಲವು ಭಾಷೆ ಇಂಗ್ಲಿಷಿನಿಂದ ನೋಡಿದರೆ ಬೆಟ್ಟ, ಕನ್ನಡದಿಂದ ನೋಡಿದರೆ ದಿಬ್ಬ. ಇನ್ನು ಕೆಲವು ಅದಕ್ಕೆ ತಿರುಗಾ.

ಒಬ್ಬೊಬ್ಬರು ಒಂದೊಂದು ಭಾಷೆ ಕಲಿಯುವ ಯೋಚನೆ ಇದ್ದರೆ ಈಗಲೇ ಬಿಟ್ಟುಬಿಡಿ. ಮಗಳು ಒಂದು, ಮಗ ಇನ್ನೊಂದು ಅಂತ ನಾವು ಒಂದು ತಿಂಗಳು ನೋಡಿದೆವು. ಇಬ್ಬರಿಗೂ ಮಾತಾಡಲು ಎದುರಿಗೆ ಜನ ಇಲ್ಲ. ಪಗಡೆ ಹಾಸು ಒಬ್ಬನೇ ಹಾಸಿಕೊಂಡು ಕೂತ ಹಾಗೆ.

ಆ ಅಮೆರಿಕದ ಗಂಟೆ ಲೆಕ್ಕ

ಯಾವ ಭಾಷೆ ಎಷ್ಟು ಕಷ್ಟ ಅಂತ ಹುಡುಕಿದರೆ ಎಲ್ಲರಿಗೂ ಸಿಗುವುದು ಒಂದೇ ಪಟ್ಟಿ. ಅಮೆರಿಕ ಸರ್ಕಾರದ ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್ ತನ್ನ ಅಧಿಕಾರಿಗಳಿಗೆ ಭಾಷೆ ಕಲಿಸಿದ ಅನುಭವದಿಂದ ಮಾಡಿದ್ದು. ಸ್ಪ್ಯಾನಿಷ್, ಫ್ರೆಂಚ್‌ಗೆ ಸುಮಾರು 750 ಗಂಟೆ ಕ್ಲಾಸು. ಜರ್ಮನ್‌ಗೆ ಸುಮಾರು 900. ಜಪಾನಿ, ಕೊರಿಯನ್, ಚೀನಿ, ಅರೇಬಿಕ್‌ಗೆ 2200. ಅದೂ ಕಚೇರಿ ಕೆಲಸ ನಿಭಾಯಿಸುವಷ್ಟು ಬರಲು.

ನಮ್ಮ ಮನೆಯ ಲೆಕ್ಕ ಹಾಕೋಣ. ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಆರು ದಿನ, ಹಬ್ಬ ಜಾತ್ರೆ ಜ್ವರ ಕಳೆದರೆ ವರ್ಷಕ್ಕೆ 150 ಗಂಟೆ. ಸ್ಪ್ಯಾನಿಷ್‌ಗೆ ಐದು ವರ್ಷ, ಜರ್ಮನ್‌ಗೆ ಆರು, ಜಪಾನಿಗೆ ಹದಿನೈದು ವರ್ಷ ಹತ್ತಿರ. ಅಷ್ಟರಲ್ಲಿ ನನ್ನ ಮಗನಿಗೆ ಹೆಣ್ಣು ನೋಡಬೇಕಾಗುತ್ತದೆ.

ಈ ಪಟ್ಟಿ ನೋಡಿಯೇ ನಾನು ಮೊದಲ ವರ್ಷ ಜಪಾನಿಯನ್ನು ಪಕ್ಕಕ್ಕಿಟ್ಟಿದ್ದೆ. ಆಮೇಲೆ ಅದರ ಕೆಳಗಿನ ಒಂದು ಸಾಲು ಕಣ್ಣಿಗೆ ಬಿತ್ತು: ಇದು ಇಂಗ್ಲಿಷ್ ಮನೆಮಾತಿನವರಿಗೆ ಮಾಡಿದ ಲೆಕ್ಕ. ಹಾಗಾದರೆ ಅದು ಅವರ ಸೇರು, ಆ ಸೇರಿನಲ್ಲಿ ನಮ್ಮ ಭತ್ತ ಯಾಕೆ ಅಳೆಯಬೇಕು? ಇಂಗ್ಲಿಷ್ ಮತ್ತು ಜರ್ಮನ್ ಅಕ್ಕತಂಗಿಯರು, ಫ್ರೆಂಚ್‌ನಿಂದ ಇಂಗ್ಲಿಷ್ ಸಾವಿರಾರು ಪದ ಎರವಲು ತಂದಿದೆ. ಅವರಿಗೆ ಸುಲಭ ಆಗಲೇಬೇಕು. ನಮ್ಮದು ಬೇರೆ ನುಡಿ. ಕ್ರಿಯಾಪದ ಕೊನೆಗೆ ಬರುತ್ತದೆ, ‘ಇಂದ’, ‘ಗೆ’, ‘ಅಲ್ಲಿ’ ಪದದ ಹಿಂದೆ ಅಂಟುತ್ತವೆ, ‘ಅಂತ’ ಇಲ್ಲದೆ ಒಂದು ಮಾತೂ ಸಾಗುವುದಿಲ್ಲ.

ಆ ಕಣ್ಣಿನಿಂದ ಒಂದೊಂದೇ ಭಾಷೆ ನೋಡಿ.

ಜಪಾನಿ, ಅಥವಾ ಮಿರ್ಚಿ ಕರಿಯುವಾಗ ಕಲಿತದ್ದು

ಒಂದು ಭಾನುವಾರ ಸಂಜೆ ಅತ್ತೆ ಒಗ್ಗರಣೆ ಮಂಡಕ್ಕಿ ಕಲಸಿಟ್ಟು ಮಿರ್ಚಿ ಕರಿಯುತ್ತಿದ್ದರು. ಮಗಳು ಅಡುಗೆಮನೆ ಬಾಗಿಲಲ್ಲಿ ಕೂತು ಪಾಠದ ಸಾಲು ಜೋರಾಗಿ ಓದುತ್ತಿದ್ದಳು. ‘ತಾಬೆತೆ ಮಿತೆ.’

‘ಏನಂದಿ?’ ಅಂದರು ಅತ್ತೆ.

‘ತಾಬೆತೆ ಅಂದ್ರ ತಿಂದು, ಅಜ್ಜಿ. ಮಿತೆ ಅಂದ್ರ ನೋಡು.’

‘ತಿಂದು ನೋಡು ಅಂತಾರೇನು ಅವರೂ? ಕಣ್ಣಿಲೆ ನೋಡೋದಲ್ಲ, ನಾಲಿಗಿಲೆ ನೋಡೋದು?’

‘ಹೂಂ, ಅದಽ.’

ಅತ್ತೆ ಝಾರಿಯಿಂದ ಒಂದು ಮಿರ್ಚಿ ಎತ್ತಿ, ಎಣ್ಣೆ ಬಸಿದು, ಮಗನ ಮುಂದೆ ಹಿಡಿದರು. ‘ತಾಬೆತೆ ಮಿತೆ.’ ಅವನು ಕಚ್ಚಿ ಬಾಯಿ ಸುಟ್ಟುಕೊಂಡ. ಅವತ್ತಿಂದ ಅವರು ಪಾಠ ತಪ್ಪಿಸಿಲ್ಲ.

ಇಂಗ್ಲಿಷಿನವರಿಗೆ ಈ ‘ಮಾಡಿ ನೋಡು’ ಅನ್ನುವ ಜೋಡಣೆ ಬಿಡಿಸಿ ಹೇಳಬೇಕು. ನಮಗೆ ಹುಟ್ಟಿನಿಂದ ಬಂದದ್ದು. ‘ತಿಂದುಬಿಟ್ಟ’ ಅನ್ನೋದಕ್ಕೆ ಅವರು ‘ತಾಬೆತೆ ಶಿಮತ್ತಾ’ ಅನ್ನುತ್ತಾರೆ, ಆ ಶಿಮತ್ತಾ ನಮ್ಮ ಬಿಟ್ಟ ಮಾಡುವ ಕೆಲಸವನ್ನೇ ಮಾಡುತ್ತದೆ. ಕೆಲಸ ಮುಗಿಯಿತು ಅನ್ನುವುದನ್ನೂ ಹೇಳುತ್ತದೆ, ಅಯ್ಯೋ ಅನ್ನುವ ಭಾವವನ್ನೂ ಹೇಳುತ್ತದೆ. ‘ಬಳ್ಳಾರಿಯಿಂದ ಕೊಪ್ಪಳದವರೆಗೆ’ ಅನ್ನಲು ‘ಬಳ್ಳಾರಿ ಕಾರಾ ಕೊಪ್ಪಳ ಮಾದೆ’. ‘ಇಂದ’ ಇದ್ದ ಜಾಗದಲ್ಲಿ ಕಾರಾ, ‘ವರೆಗೆ’ ಇದ್ದ ಜಾಗದಲ್ಲಿ ಮಾದೆ, ಮುಗಿಯಿತು. ಹೋಗ್ತೀರಾ ಅನ್ನುವಾಗ ನಾವು ಕೊನೆಗೆ ‘ಆ’ ಎಳೆಯುತ್ತೇವೆ, ಅವರು ‘ಕಾ’ ಹಚ್ಚುತ್ತಾರೆ: ಇಕಿಮಾಸ್ ಕಾ. ‘ಬರ್ತೀನಿ ಅಂತ ಹೇಳಿದ’ ಅನ್ನುವುದು ‘ಕುರು ತೋ ಇತ್ತಾ’, ನಡುವಿನ ತೋ ನಮ್ಮ ‘ಅಂತ’. ಜನರನ್ನು ಎಣಿಸುವಾಗ ನಾವು ಎರಡು ಅನ್ನದೆ ಇಬ್ಬರು ಅನ್ನುತ್ತೇವಲ್ವಾ, ಅವರಿಗೂ ಅದಕ್ಕೆ ಬೇರೆ ಪದ ಇದೆ, ಹಿತೋರಿ, ಫುತಾರಿ.

ಇದನ್ನೆಲ್ಲ ನೋಡಿ ಎರಡು ಭಾಷೆ ಸಂಬಂಧಿಕರು ಅಂದುಕೊಳ್ಳಬೇಡಿ. ತಮಿಳಿಗೂ ಜಪಾನಿಗೂ ನಂಟಿದೆ ಅಂತ ಸುಸುಮು ಓನೊ ಎಂಬ ಜಪಾನಿನ ವಿದ್ವಾಂಸರು ವಾದ ಮಾಡಿದ್ದರು, ಆದರೆ ಭಾಷಾ ಪಂಡಿತರಲ್ಲಿ ಹೆಚ್ಚಿನವರು ಅದನ್ನು ಒಪ್ಪಿಲ್ಲ. ನಂಟು ಇಲ್ಲದಿದ್ದರೂ ಮಾತು ಕಟ್ಟುವ ಬಗೆ ಒಂದೇ, ಕಲಿಯುವವರಿಗೆ ಅಷ್ಟು ಸಾಕು.

ಅಕ್ಷರದ ವಿಷಯ ಎರಡು ಭಾಗ. ಹಿರಗಾನ ಅನ್ನುವ 46 ಅಕ್ಷರ ನಮ್ಮ ಮಕ್ಕಳಿಗೆ ಕಾಗುಣಿತದ ಹಾಗೇ ಬಂತು. ಅ ಇ ಉ ಎ ಒ, ಕ ಕಿ ಕು ಕೆ ಕೊ, ಸ ಶಿ ಸು ಸೆ ಸೊ. ಸಾಲು ನೋಡಿ: ಕ, ಸ, ತ, ನ, ಹ, ಮ, ಯ, ರ, ವ. ನಮ್ಮ ವರ್ಣಮಾಲೆಯ ದಾರಿಯಲ್ಲೇ ಹೋಗುತ್ತದೆ, ಯಾಕೆಂದರೆ ಬೌದ್ಧ ಸನ್ಯಾಸಿಗಳು ಸಂಸ್ಕೃತ ಅಕ್ಷರ ಓದುತ್ತಿದ್ದದ್ದರಿಂದ ಈ ಕ್ರಮ ಅಲ್ಲಿಗೆ ಹೋಯಿತು. ನನ್ನ ಮಗ ಮೂರು ವಾರದಲ್ಲಿ ಬರೆದ. ಆಮೇಲೆ ಅಷ್ಟೇ ಇರುವ ಕತಕಾನ, ಹೊರಗಿನ ಪದ ಬರೆಯಲು. ಅದೂ ಆಗುತ್ತದೆ.

ಮೂರನೆಯದು ಕಾಂಜಿ, ಚೀನಾದಿಂದ ಬಂದ ಚಿತ್ರಾಕ್ಷರ. ಜಪಾನ್ ಸರ್ಕಾರ ದಿನಬಳಕೆಗೆ ಅಂತ ಗುರುತಿಸಿದ್ದೇ 2136, ಹೆಚ್ಚಿನವಕ್ಕೆ ಎರಡು ಮೂರು ಉಚ್ಚಾರ. ಇಲ್ಲಿ ಯಾವ ಕನ್ನಡವೂ ಸಹಾಯಕ್ಕೆ ಬರುವುದಿಲ್ಲ, ಕೂತು ಬರೆಯಬೇಕು. ಹಾಗಾಗಿ ನಿಮ್ಮ ಗುರಿ ಜಪಾನಿ ಪತ್ರಿಕೆ ಓದುವುದಾದರೆ ಆ 2200 ಗಂಟೆಯ ಲೆಕ್ಕ ನಮಗೂ ಅನ್ವಯಿಸುತ್ತದೆ. ಮಾತಾಡುವುದು, ಕೇಳುವುದು, ಮಕ್ಕಳ ಕಥೆ ಓದುವುದು ಸಾಕು ಅಂದರೆ ಬಹಳ ಬೇಗ ದೂರ ಹೋಗಬಹುದು.

ಖರ್ಚು ಕಡಿಮೆ. ಜಪಾನಿನ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ ವರ್ಲ್ಡ್‌ನ ಪಾಠಗಳು ಉಚಿತ. ಜಪಾನ್ ಫೌಂಡೇಶನ್‌ನ ಇರೊದೊರಿ ಅನ್ನುವ ಪಠ್ಯಪುಸ್ತಕ ಉಚಿತವಾಗಿ ಇಳಿಸಿಕೊಳ್ಳಬಹುದು, ನಾವು ಪ್ರಿಂಟ್ ತೆಗೆಸಿ ಸ್ಪೈರಲ್ ಹಾಕಿಸಿದ್ದೇವೆ. ಪರೀಕ್ಷೆ ಬೇಕೆಂದರೆ ಜೆಎಲ್‌ಪಿಟಿ ಇದೆ, ಎನ್5ರಿಂದ ಎನ್1ರವರೆಗೆ ಐದು ಹಂತ, ಎನ್5 ಎಲ್ಲಕ್ಕಿಂತ ಕೆಳಗಿನದು. ಜುಲೈ ಮತ್ತು ಡಿಸೆಂಬರ್ ಮೊದಲ ಭಾನುವಾರ ನಡೆಯುತ್ತದೆ, ಬೆಂಗಳೂರಲ್ಲಿ ಕೇಂದ್ರವಿದೆ. ಅದರಲ್ಲಿ ಮಾತಾಡುವ ಪರೀಕ್ಷೆಯೇ ಇಲ್ಲ, ಇದೊಂದು ವಿಚಿತ್ರ.

ಬಳ್ಳಾರಿ ಕಡೆಯವರು ಇದನ್ನು ಇನ್ನೂ ಗಟ್ಟಿಯಾಗಿ ಯೋಚಿಸಬಹುದು. ತೋರಣಗಲ್ಲಿನ ಜಿಂದಾಲ್ ಕಂಪನಿಯಲ್ಲಿ ಜಪಾನಿನ ಜೆಎಫ್‌ಇ ಸ್ಟೀಲ್ ಪಾಲುದಾರ. ಅದರಿಂದ ನಾಳೆ ಕೆಲಸ ಸಿಕ್ಕೇಬಿಡುತ್ತದೆ ಅಂತ ನಾನು ಹೇಳುವುದಿಲ್ಲ. ಜಪಾನ್ ಅನ್ನುವುದು ಟಿವಿಯಲ್ಲಿ ಮಾತ್ರ ಇರುವ ದೇಶ ಅಲ್ಲ ಅಂತ ಮಕ್ಕಳಿಗೆ ತೋರಿಸೋಕೆ ಅಷ್ಟು ಸಾಕು.

ಮನೆಯಲ್ಲಿ ಹದಿಹರೆಯದ ಹುಡುಗಿ ಇದ್ದರೆ

ಆಗ ಕೊರಿಯನ್. ಅವಳು ಆಗಲೇ ಸೀರಿಯಲ್ ನೋಡಿ ಅರ್ಧ ಕಲಿತಿರುತ್ತಾಳೆ, ನೀವು ಸುಮ್ನೆ ವಾದ ಮಾಡಬೇಡಿ. ವ್ಯಾಕರಣದಲ್ಲಿ ಜಪಾನಿಗೆ ಹೇಳಿದ್ದು ಇಲ್ಲಿಗೂ ಸರಿ, ‘ತಿಂದು ನೋಡು’ ಇಲ್ಲಿಯೂ ಇದೆ. ಅಪ್ಪನಿಗೆ ಅವರೂ ಅಪ್ಪಾ ಅನ್ನುತ್ತಾರೆ, ಅಮ್ಮನಿಗೆ ಹೆಚ್ಚುಕಡಿಮೆ ಅಮ್ಮಾ. ಅಕ್ಷರ ಮಾತ್ರ ಜಪಾನಿಗಿಂತ ನೂರು ಪಾಲು ಸಲೀಸು, ಮೂಲ ಅಕ್ಷರ 24, ಅವನ್ನು ಒಂದರ ಪಕ್ಕ ಒಂದರ ಕೆಳಗೆ ಜೋಡಿಸಿ ಒಂದೊಂದು ಉಚ್ಚಾರಕ್ಕೆ ಒಂದು ಕಟ್ಟು. ಒತ್ತಕ್ಷರ ಬರೆದ ಕೈಗೆ ಇದು ಹೊಸದಲ್ಲ. ಇದನ್ನು ಮಾಡಿಸಿದ್ದು ಸೇಜೊಂಗ್ ಎಂಬ ರಾಜ, 1443ರಲ್ಲಿ. ಅದೇ ವರ್ಷ ಪರ್ಷಿಯಾದಿಂದ ಅಬ್ದುಲ್ ರಜಾಕ್ ನಮ್ಮ ವಿಜಯನಗರಕ್ಕೆ ಬಂದದ್ದು. ಇತಿಹಾಸದ ಪಾಠವನ್ನೂ ಇದರ ಜೊತೆಗೇ ಮುಗಿಸಿದೆವು.

ಕಷ್ಟ ಇರುವುದು ಕಿವಿಗೆ. ನಮ್ಮ ಕ, ಖದ ಹಾಗೆ ಅವರಲ್ಲಿ ಮೂರು ಬಗೆ ಇದೆ, ಮೂರನೆಯದು ಬಿಗಿ ಹಿಡಿದು ಹೇಳುವ ಕ. ದೊಡ್ಡವರ ಕಿವಿಗೆ ಅದು ಸಿಗುವುದು ನಿಧಾನ.

ಸ್ಪ್ಯಾನಿಷ್ ಮತ್ತು ನಮ್ಮ ಪಗಾರ

ಏಳು ವರ್ಷದ ಹುಡುಗ ಎರಡೇ ವಾರದಲ್ಲಿ ಓದಲು ಶುರು ಮಾಡಬೇಕು ಅಂದರೆ ಸ್ಪ್ಯಾನಿಷ್ ಬಿಟ್ಟು ಬೇರೆ ಇಲ್ಲ. ಐದೇ ಸ್ವರ, ಬರೆದ ಹಾಗೆ ಓದುವುದು, ಇಂಗ್ಲಿಷ್ ಲಿಪಿ. ಎಚ್ ಮಾತಾಡುವುದಿಲ್ಲ, ಜೆ ಬಂದರೆ ‘ಹ’. ಇಷ್ಟು ಗೊತ್ತಿದ್ದರೆ ಪುಟ ಓದಬಹುದು, ಅರ್ಥ ಆಮೇಲೆ. ಪೆರೊ ಅಂದರೆ ‘ಆದರೆ’, ರ ಅನ್ನು ಉರುಳಿಸಿ ಪೆರ‍್ರೊ ಅಂದರೆ ನಾಯಿ. ಮಗ ಒಂದು ವಾರ ಮನೆತುಂಬ ‘ಆದರೆ, ನಾಯಿ’ ಅಂತ ಕೂಗಿಕೊಂಡು ಓಡಾಡಿದ.

ಮನೆಯ ಸಾಮಾನಿಗೆಲ್ಲ ಚೀಟಿ ಅಂಟಿಸುವಾಗ ಮಜಾ ಬಂತು. ಮೇಜಿಗೆ ಮೆಸಾ. ಸಾಬೂನಿಗೆ ಹಬೋನ್. ದುಡ್ಡು ಕೊಡು ಅನ್ನುವುದಕ್ಕೆ ಪಗಾರ್. ‘ಇದು ನಮ್ಮ ಪಗಾರನಽ ಅಲ್ಲೇನು?’ ಅಂದರು ಯಜಮಾನರು, ಗಿರಣಿಯಲ್ಲಿ ತಿಂಗಳಿಗೊಮ್ಮೆ ಪಗಾರ ಬಟವಾಡೆ ಮಾಡುವವರು ಅವರೇ. ಹೌದು, ಅದೇ. ಮೇಜು, ಪಗಾರ, ಚಾವಿ, ಪಾದ್ರಿ, ಇವೆಲ್ಲ ಪೋರ್ಚುಗೀಸರಿಂದ ನಮಗೆ ಬಂದ ಪದ, ಸ್ಪ್ಯಾನಿಷ್ ಅದರ ಒಡಹುಟ್ಟು. ವಿಜಯನಗರಕ್ಕೆ ಕುದುರೆ ತರುತ್ತಿದ್ದವರು ಅವರು, 1520ರ ರಾಯಚೂರು ಯುದ್ಧದಲ್ಲಿ ಕೃಷ್ಣದೇವರಾಯನ ಕಡೆ ಬಂದೂಕು ಹಿಡಿದು ನಿಂತ ಪೋರ್ಚುಗೀಸರೂ ಇದ್ದರು. ರಾಯಚೂರಿನವರು ಮಕ್ಕಳನ್ನು ಕೋಟೆಗೆ ಕರೆದುಕೊಂಡು ಹೋಗಿ ಅಲ್ಲೇ ಪೋರ್ಚುಗೀಸ್ ಎಣಿಕೆ ಕಲಿಸಬಹುದು ನೋಡಿ, ಆ ಭಾಷೆಯನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ವ್ಯಾಕರಣದಲ್ಲಿ ಎರಡು ಕಡೆ ಕನ್ನಡ ಕೈ ಹಿಡಿಯುತ್ತದೆ. ಆಬ್ಲೊ ಅಂದರೆ ‘ಮಾತಾಡುತ್ತೇನೆ’, ‘ನಾನು’ ಹೇಳಲೇಬೇಕಾಗಿಲ್ಲ, ಕ್ರಿಯಾಪದದ ಬಾಲವೇ ಹೇಳುತ್ತದೆ. ‘ಮೆ ಗುಸ್ತಾ ಎಲ್ ಮಾಂಗೊ’ ಅಂದರೆ ‘ನನಗೆ ಮಾವು ಇಷ್ಟ’. ನಾನು ಇಷ್ಟಪಡುತ್ತೇನೆ ಅಲ್ಲ, ನನಗೆ ಇಷ್ಟ. ಇಂಗ್ಲಿಷಿನವರು ಇಲ್ಲಿ ತಿಂಗಳುಗಟ್ಟಲೆ ಎಡವುತ್ತಾರಂತೆ. ನಮ್ಮ ಅತ್ತೆಗೆ ಅರ್ಧ ನಿಮಿಷ ಹಿಡಿಯಿತು. ಅಂದಹಾಗೆ ಮಾಂಗೊ ಅನ್ನುವ ಪದವೂ ನಮ್ಮ ದಕ್ಷಿಣದ ಭಾಷೆಗಳಿಂದಲೇ ಪೋರ್ಚುಗೀಸರ ಬಾಯಿ ಹತ್ತಿ ಹೋದದ್ದು.

ಕನ್ನಡ ಕೈ ಬಿಡುವುದು ಲಿಂಗದಲ್ಲಿ. ಮೇಜು ಹೆಣ್ಣು, ಪುಸ್ತಕ ಗಂಡು. ಕಲ್ಲು ಮರಕ್ಕೆಲ್ಲ ‘ಅದು’ ಅನ್ನುವ ನಮಗೆ ಇದು ತಲೆನೋವು. ಹಿಂದಿ ಮಾತಾಡುವಾಗಲೂ ನಾವು ಲಿಂಗ ನೋಡುವುದಿಲ್ಲ ಬಿಡಿ, ನಮ್ಮ ಹಿಂದಿ ಕೇಳಿದ ಉತ್ತರದವರು ನಕ್ಕುಕೊಳ್ಳಲಿ.

ನಮ್ಮಲ್ಲಿ ಇದು ಯಾಕೆ ನಿಂತಿತು? ಎದುರಿಗೆ ಮಾತಾಡುವ ಜನ ಇಲ್ಲ, ಸ್ಪ್ಯಾನಿಷ್ ಕಲಿಸುವ ಸರ್ವಾಂತೆಸ್ ಸಂಸ್ಥೆ ಇರುವುದು ದೆಹಲಿಯಲ್ಲಿ, ಮಗಳಿಗೆ ಆಸಕ್ತಿ ಹೋಯಿತು. ಭಾಷೆಯ ತಪ್ಪಲ್ಲ. ಚಿಕ್ಕ ಮಕ್ಕಳೇ ಇರುವ ಮನೆಯಾದರೆ ನಾನು ಈಗಲೂ ಇದನ್ನೇ ಮೊದಲು ಹೇಳುತ್ತೇನೆ.

ಜರ್ಮನ್: ಸ್ಕೋಪ್ ಇದೆ, ಆದರೆ

ಸ್ಕೋಪ್ ಇದೆ ಅನ್ನುವುದು ಸುಳ್ಳಲ್ಲ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕ ಇಲ್ಲ, ಆದರೆ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥ ಹೊರಗಿನವರಿಗೆ ಸೆಮಿಸ್ಟರಿಗೆ 1500 ಯುರೋ. ನರ್ಸಿಂಗ್ ಕೆಲಸಕ್ಕೆ ಜನ ಬೇಕಾಗಿದ್ದಾರೆ, ಅದಕ್ಕೆ ಸಾಮಾನ್ಯವಾಗಿ ಬಿ2 ಹಂತದ ಜರ್ಮನ್ ಕೇಳುತ್ತಾರೆ. ಎ1, ಎ2, ಬಿ1, ಬಿ2, ಸಿ1, ಸಿ2 ಅಂತ ಆರು ಮೆಟ್ಟಿಲು. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಪರೀಕ್ಷೆ, ರಾಯಚೂರಿನವರಿಗೆ ಹೈದರಾಬಾದಿನ ಗೋಥೆ ಸೆಂಟರ್ ಹತ್ತಿರ. ಮಕ್ಕಳಿಗೇ ಅಂತ ಬೇರೆ ಎ1, ಎ2 ಪರೀಕ್ಷೆಗಳಿವೆ. ಜರ್ಮನಿಯ ಪ್ರಸಾರ ಸಂಸ್ಥೆ ಡಾಯ್ಚೆ ವೆಲೆಯ ವಿಡಿಯೋ ಪಾಠ ಉಚಿತ, ಚೆನ್ನಾಗಿವೆ ಕೂಡ.

ಭಾಷೆಯೂ ನನಗೆ ಹಿಡಿಸಿತು. ‘ಮೀರ್ ಇಸ್ಟ್ ಕಾಲ್ಟ್’ ಅಂದರೆ ‘ನನಗೆ ಚಳಿ’, ಮತ್ತೆ ನಮ್ಮ ‘ನನಗೆ’. ಗ್ಲೌಸಿಗೆ ಹಾಂಟ್‌ಶೂ ಅನ್ನುತ್ತಾರೆ, ಕೈಯ ಬೂಟು. ಹುಡುಗಿ ಅನ್ನುವ ಪದ ನಪುಂಸಕ ಲಿಂಗ ಅಂತ ಮಗಳು ಸಿಟ್ಟಾದಳು, ‘ಕೂಸು ಅತ್ತಿತು ಅಂತ ನಾವೂ ಅಂತೀವಲ್ಲ’ ಅಂದೆ. ಸುಮ್ಮನಾದಳು, ಒಪ್ಪಲಿಲ್ಲ.

ಆದರೆ ಮೂರು ಲಿಂಗ, ನಾಲ್ಕು ವಿಭಕ್ತಿ, ಎರಡೂ ಸೇರಿ ಇಂಗ್ಲಿಷಿನ ‘ದ’ ಅನ್ನುವಂಥ ಪುಟ್ಟ ಪದ ಡೇರ್, ಡೀ, ಡಾಸ್, ಡೇನ್, ಡೇಮ್ ಅಂತ ಬಣ್ಣ ಬದಲಿಸುತ್ತದೆ. ಇದನ್ನು ಪುಸ್ತಕ ಇಟ್ಟುಕೊಂಡು, ಪಟ್ಟಿ ಬಾಯಿಪಾಠ ಮಾಡಿ ಕಲಿಯಬೇಕು. ಹನ್ನೆರಡು ವರ್ಷದವಳಿಗೆ ಆಗುತ್ತದೆ, ಏಳು ವರ್ಷದವನು ಚಾಪೆಯ ಮೇಲೆ ಉರುಳಾಡುತ್ತಾನೆ, ಅಜ್ಜಿ ಎದ್ದು ಹೋಗುತ್ತಾರೆ. ನಮ್ಮಲ್ಲಿ ಆದದ್ದು ಅದೇ.

ಜೊತೆಗೆ ಒಂದು ಆನ್‌ಲೈನ್ ಕ್ಲಾಸಿನವರಿಗೆ ಮೂರು ತಿಂಗಳ ಫೀಸು ಮುಂಗಡ ಕಟ್ಟಿದ್ದೆವು. ಒಂದೇ ಮನೆ, ಒಂದೇ ಲ್ಯಾಪ್‌ಟಾಪ್, ಆದರೂ ಪರದೆಯಲ್ಲಿ ಎರಡು ತಲೆ ಕಂಡವು ಅಂತ ಎರಡನೇ ಫೀಸು ಕೇಳಿದರು. ಅತ್ತೆ ಬಗ್ಗಿ ನೋಡಿದ್ದಕ್ಕೆ ಮೂರನೆಯದು ಕೇಳಲಿಲ್ಲ, ಪುಣ್ಯ. ಎರಡನೇ ತಿಂಗಳಿಗೆ ಮೇಷ್ಟರು ಬದಲಾದರು, ಹೊಸಬರು ಮತ್ತೆ ಎ ಬಿ ಸಿಯಿಂದ ಶುರು ಮಾಡಿದರು. ದುಡ್ಡು ವಾಪಸ್ ಬರಲಿಲ್ಲ. ನೀವು ಯಾರ ಹತ್ತಿರ ಸೇರಿದರೂ ಕುಟುಂಬಕ್ಕೆ ಒಂದೇ ಫೀಸಾ ಅಂತ ಮೊದಲೇ ಕೇಳಿ, ತಿಂಗಳು ತಿಂಗಳು ಕಟ್ಟಿ.

ಹದಿನೈದು ದಾಟಿದ ಮಗ ಅಥವಾ ಮಗಳು ಇದ್ದು, ಅಲ್ಲಿ ಹೋಗಿ ಓದುವ ಮನಸ್ಸು ಗಟ್ಟಿಯಾಗಿದ್ದರೆ, ಜರ್ಮನ್ ಒಬ್ಬರೇ ಕಲಿಯಲಿ. ಇದು ಮನೆಮಂದಿಯ ಭಾಷೆ ಅಲ್ಲ. ಬೇಡ ಅಂತಲೂ ಅಲ್ಲ: ಕಿಟೆಲ್ ಅವರು ಜರ್ಮನಿಯಿಂದ ಬಂದು ಕನ್ನಡ ಕಲಿತು 1894ರಲ್ಲಿ ನಿಘಂಟು ಕೊಟ್ಟವರು, ಆ ಋಣಕ್ಕಾದರೂ ನಾಲ್ಕು ಮಾತು ಕಲಿಯಬೇಕು ಅಂತ ಯಜಮಾನರು ಹೇಳುತ್ತಿರುತ್ತಾರೆ. ಅವರು ಕಲಿತದ್ದು ನಾಲ್ಕೇ ಮಾತು.

ಫ್ರೆಂಚ್, ಚೀನಿ

ಫ್ರೆಂಚ್ ಬಗ್ಗೆ ಚುಟುಕಾಗಿ. ನೀನು, ನೀವು ಇದೆ, ಅದು ಸುಲಭ. ಬರೆದದ್ದರಲ್ಲಿ ಅರ್ಧ ಓದುವುದಿಲ್ಲ, ಅದು ಕಷ್ಟ. ತೊಂಬತ್ತಕ್ಕೆ ‘ನಾಲ್ಕು ಇಪ್ಪತ್ತು ಹತ್ತು’ ಅನ್ನುತ್ತಾರೆ, ಲೆಕ್ಕ ಕಲಿಯುವ ಮಗುವಿಗೆ ಬೋನಸ್. ಬೆಂಗಳೂರು, ಹೈದರಾಬಾದ್ ಎರಡೂ ಕಡೆ ಫ್ರೆಂಚ್ ಕಲಿಸುವ ಅಲಿಯಾನ್ಸ್ ಫ್ರಾನ್ಸೆ ಇದೆ, ಮಕ್ಕಳಿಗೆ ಡೆಲ್ಫ್ ಪರೀಕ್ಷೆ ಇದೆ. ಒಳ್ಳೆಯ ಮೇಷ್ಟರು ಸಿಕ್ಕರೆ ಮಾತ್ರ ಕೈ ಹಾಕಿ, ಉಚ್ಚಾರ ತಪ್ಪಿ ಕಲಿತರೆ ತಿದ್ದುವುದು ಕಷ್ಟ.

ಚೀನಿಯಲ್ಲಿ ಒಂದೇ ‘ಮಾ’ವನ್ನು ನಾಲ್ಕು ರಾಗದಲ್ಲಿ ಹೇಳಿದರೆ ನಾಲ್ಕು ಅರ್ಥ. ಸಂಗೀತ ಇರುವ ಮನೆಯವರು ನೋಡಿ. ನಮ್ಮದಲ್ಲ.

ಅರೇಬಿಕ್ ಕಲಿಸಲು ಮನೆಯಲ್ಲೇ ಮೇಷ್ಟರು ಇರಬಹುದು

ನಮ್ಮ ಸಂಬಂಧಿಕರೊಬ್ಬರು ಲಿಂಗಸುಗೂರು ಕಡೆಯ ಅಜ್ಜ, ತೊಂಬತ್ತರ ಹತ್ತಿರ. ನಿಜಾಮರ ಕಾಲದಲ್ಲಿ ಮೊದಲ ನಾಲ್ಕು ವರ್ಷ ಉರ್ದುವಿನಲ್ಲೇ ಓದಿದವರು. ರಾಯಚೂರು, ಕೊಪ್ಪಳ ಎರಡೂ 1948ರವರೆಗೆ ನಿಜಾಮರ ಹೈದರಾಬಾದಿನಲ್ಲಿದ್ದವು, ಅಂಥ ಅಜ್ಜಂದಿರು ಇನ್ನೂ ಅಲ್ಲಲ್ಲಿ ಇದ್ದಾರೆ. ಅವರು ಬಂದಾಗ ಮಗನಿಗೆ ಬಲದಿಂದ ಎಡಕ್ಕೆ ಬರೆಯುವುದನ್ನು ತೋರಿಸಿದರು. ಬೆರಳಲ್ಲಿ ವಿಭೂತಿ ಇತ್ತು, ಸ್ಲೇಟಿನ ಮೇಲೆ ಅಲಿಫ್, ಬೇ, ತೇ. ನೀವು ಉರ್ದು ಮನೆಮಾತಿನವರಾದರೆ, ಅಥವಾ ಪಕ್ಕದ ಮನೆಯ ಚಾಚಾ ಕಲಿಸುತ್ತೇನೆ ಅಂದರೆ, ಅರೇಬಿಕ್‌ನ 28 ಅಕ್ಷರದ ಭಯ ಅಲ್ಲಿಗೇ ಮುಗಿಯಿತು.

ಪದಗಳೂ ಪರಿಚಯದವು. ತಾರೀಖು, ವಕೀಲ, ಹಾಜರು, ಅಸಲು, ಕಾನೂನು, ಕುರ್ಚಿ. ನಮ್ಮ ತಾಲೂಕು ಕಚೇರಿಯಲ್ಲಿ ಒಂದು ದಿನ ಕೂತರೆ ನೂರು ಅರೇಬಿಕ್ ಪದ ಕಿವಿಗೆ ಬೀಳುತ್ತವೆ. ತೊಡಕು ಬೇರೆ ಕಡೆ ಇದೆ. ಪುಸ್ತಕದ ಅರೇಬಿಕ್ ಒಂದು, ಬೀದಿಯದು ಇನ್ನೊಂದು. ಕೊಲ್ಲಿ ದೇಶಕ್ಕೆ ಕೆಲಸಕ್ಕೆ ಹೋಗುವವರಿಗೆ ಬೇಕಾದ್ದು ಬೀದಿಯದು, ಪಾಠದಲ್ಲಿ ಸಿಗುವುದು ಪುಸ್ತಕದ್ದು. ಒಂದು ಲಾಭ: ಮಗುವಿಗೆ 14 ತುಂಬಿದ ಮೇಲೆ ಎನ್‌ಐಒಎಸ್ ಅನ್ನುವ ಕೇಂದ್ರದ ಮುಕ್ತ ಶಾಲಾ ಮಂಡಳಿಯಲ್ಲಿ ಹತ್ತನೇ ತರಗತಿ ಕಟ್ಟಿಸುವವರು ಅರೇಬಿಕ್ ಅನ್ನು ವಿಷಯವಾಗಿಯೇ ತೆಗೆದುಕೊಳ್ಳಬಹುದು. ಕಲಿತದ್ದು ಅಂಕಪಟ್ಟಿಗೂ ಬರುತ್ತದೆ.

ಪ್ರವಾಸಿಗರನ್ನು ನಂಬಿ ಆರಿಸಬೇಡಿ

ಹಂಪಿಯ ಮಗ್ಗುಲಿನ ಆನೆಗೊಂದಿ, ಸಾಣಾಪುರ ನಮಗೆ ಹತ್ತಿರ. ವಿದೇಶಿಯರು ಬರುತ್ತಾರೆ, ಮಾತಾಡಿ ಕಲಿಯಬಹುದು ಅಂತ ನಾನೂ ಅಂದುಕೊಂಡಿದ್ದೆ. ವಿರುಪಾಪುರ ಗಡ್ಡೆಯಲ್ಲಿ ಒಂದು ಕಾಲಕ್ಕೆ ಹೀಬ್ರೂ ಬೋರ್ಡುಗಳೇ ಇದ್ದವು, ಇಸ್ರೇಲಿನ ಹುಡುಗರು ಅಷ್ಟು ಬರುತ್ತಿದ್ದರು. 2020ರಲ್ಲಿ ಸುಪ್ರೀಂ ಕೋರ್ಟ್ ಆದೇಶದ ಮೇಲೆ ಅಲ್ಲಿನ ರೆಸಾರ್ಟ್‌ಗಳನ್ನು ಕೆಡವಿದರು, ಬೋರ್ಡುಗಳೂ ಹೋದವು. ಆ ಬೋರ್ಡು ನೋಡಿ ಹೀಬ್ರೂ ಶುರು ಮಾಡಿದ್ದರೆ ಏನು ಗತಿ?

ಸಾಣಾಪುರ ಕೆರೆಯಲ್ಲಿ ಹರಗೋಲು ಹಾಕುವ ಒಬ್ಬರಿಗೆ ಐದು ಭಾಷೆಯಲ್ಲಿ ನಮಸ್ಕಾರ ಬರುತ್ತದೆ, ಹೀಬ್ರೂ, ಫ್ರೆಂಚ್, ರಷ್ಯನ್ ಎಲ್ಲ. ಹೇಗೆ ಕಲಿತಿರಿ ಅಂದೆ. ‘ರೊಕ್ಕ ಎಣಸಾಕ ಬಂದ್ರ ಸಾಕ್ರೀ ಅಕ್ಕಾರ, ಉಳಿದದ್ದು ಕೈ ಮಾತಾಡ್ತಾವು’ ಅಂದರು, ಹುಟ್ಟು ತಿರುಗಿಸುತ್ತಾ. ಅವರ ದಾರಿ ಅವರಿಗೆ ಸರಿ. ಮಕ್ಕಳಿಗೆ ವಾರಕ್ಕೊಮ್ಮೆ ಸಿಗುವ ಅಪರಿಚಿತರಿಗಿಂತ ದಿನಾ ಸಿಗುವ ಅಜ್ಜಿಯೇ ಒಳ್ಳೆಯ ಜೊತೆ.

ಆ್ಯಪ್, ಮೇಷ್ಟರು, ಪುಸ್ತಕ

ಆ್ಯಪ್ ಪದ ನೆನಪಿಟ್ಟುಕೊಳ್ಳಲು ಸರಿ. ಮನೆಮಂದಿಗೆಲ್ಲ ಒಂದೇ ಖಾತೆ ಮಾಡಿ, ಸರದಿಯ ಮೇಲೆ ಆಡಿ. ನಾವು ಬೇರೆ ಬೇರೆ ಖಾತೆ ಮಾಡಿದ್ದೆವು, ಕರೆಂಟು ಹೋಗಿ ಒಂದು ದಿನ ತಪ್ಪಿದ್ದಕ್ಕೆ ಮಗನ ನಲವತ್ತು ದಿನದ ಸರಣಿ ಸೊನ್ನೆಯಾಯಿತು. ಅವನು ಅತ್ತದ್ದು ಭಾಷೆಗಲ್ಲ, ಅಂಕಕ್ಕೆ. ಅವತ್ತೇ ತೆಗೆದು ಹಾಕಿದೆ.

ಮೇಷ್ಟರು ವಾರಕ್ಕೊಂದು ಗಂಟೆ ಸಾಕು, ಉಚ್ಚಾರ ತಿದ್ದಲು. ಉಳಿದ ದಿನ ಪುಸ್ತಕ ಮತ್ತು ಅಡುಗೆಮನೆ.

ಒಂದು ವಿಷಯದಲ್ಲಿ ನಾನೇ ಎಡವಿದೆ. ಎಲ್ಲವನ್ನೂ ಕನ್ನಡ ಅಕ್ಷರದಲ್ಲಿ ಬರೆದುಕೊಂಡೆವು, ಇಲ್ಲಿ ಬರೆದಿರುವ ಹಾಗೇ. ಮೊದಲ ಎರಡು ತಿಂಗಳು ಅದು ಊರುಗೋಲು. ಆಮೇಲೆ ಕುಂಟು. ಜಪಾನಿಯ ‘ಫು’ ನಮ್ಮ ಫು ಅಲ್ಲ, ದೀಪ ಆರಿಸುವಾಗಿನ ಉಸಿರು. ಜರ್ಮನ್ನಿನ ಚುಕ್ಕೆ ಇಟ್ಟ ಯು ನಮ್ಮಲ್ಲಿ ಇಲ್ಲವೇ ಇಲ್ಲ. ಮಕ್ಕಳಿಗೆ ಎರಡು ತಿಂಗಳಾದ ಮೇಲೆ ಕನ್ನಡ ನೋಟ್‌ಬುಕ್ ಕಿತ್ತುಕೊಳ್ಳಿ, ಹಿರಿಯರಿಗೆ ಬಿಟ್ಟುಬಿಡಿ. ಅತ್ತೆಯ ನೋಟ್‌ಬುಕ್ ಈಗ ಮೂರನೆಯದು.

ಈ ಡಿಸೆಂಬರಿಗೆ ಮಗಳು ಎನ್5 ಕಟ್ಟುತ್ತಿದ್ದಾಳೆ. ಮೊದಲ ಭಾನುವಾರ, ಅಂದರೆ ಭತ್ತದ ಸುಗ್ಗಿ ಜೋರಾಗಿರುವ ವಾರ. ಯಜಮಾನರಿಗೆ ಗಿರಣಿ ಬಿಟ್ಟು ಬರಲಾಗುವುದಿಲ್ಲ, ನಾನು ಹೋದರೆ ಮಗನನ್ನು ನೋಡುವವರಿಲ್ಲ. ಶನಿವಾರ ರಾತ್ರಿ ಹೊಸಪೇಟೆಯಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಯಾರು ಕರೆದುಕೊಂಡು ಹೋಗಬೇಕು ಅಂತ ಹದಿನೈದು ದಿನದಿಂದ ಮಾತು ನಡೆದಿದೆ. ನಿನ್ನೆ ರಾತ್ರಿ ಅತ್ತೆ ರೊಟ್ಟಿ ತಟ್ಟುತ್ತಾ, ‘ನಾ ಹೋಗ್ತೀನಿ ತಗೋ. ಹಂಗಽ ನಂದೂ ಒಂದು ಫಾರಂ ತುಂಬಿಬಿಡು’ ಅಂದರು. ತಮಾಷೆಗೋ ನಿಜಕ್ಕೋ ಗೊತ್ತಾಗಲಿಲ್ಲ. ಮಗಳು ಆಗಲೇ ಅಜ್ಜಿಯ ಆಧಾರ್ ಕಾರ್ಡ್ ಹುಡುಕಲು ಎದ್ದಿದ್ದಳು.